ಮಡಚುವ ಚಾಕು, ನನ್ನ ಹಟ

ಮಡಚುವ ಚಾಕಿನ ಶೋಕಿಯವರ ನಡುವೆ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಒಂದೇ ಕೈಯಲ್ಲಿ ‘ಟಕ್’ ಅಂತ ಬಿಚ್ಚುವ ಚಾಕು ಅವರಿಗೆ ಬೇಕು. ನನಗೆ ಎರಡೂ ಕೈ ಇವೆ, ಅವಸರವಿಲ್ಲ. ತುಕ್ಕು ಹಿಡಿಯದ ಉಕ್ಕು ಅವರಿಗೆ ದೇವರು. ನನಗೆ ಕಲ್ಲಿಗೆ ಉಜ್ಜಿದರೆ ಬೇಗ ಹರಿತವಾಗುವ, ಕಪ್ಪಗಾಗುವ ಕಾರ್ಬನ್ ಉಕ್ಕೇ ಸೈ. 1897ರ ಸ್ವಿಸ್ ಚಾಕುವಿನಲ್ಲೇ ಬಾಟಲಿಯ ಬಿರಡೆ ಕೀಳುವ ಸುರುಳಿಯಿತ್ತಂತೆ. ಮಜ್ಜಿಗೆ ಕುಡಿಯುವವನಿಗೆ ಅದು ಯಾತಕ್ಕೆ?

ನನಗೆ ಮೆಚ್ಚಿದ ಮಡಚುವ ಅಲಗೇ ಬೇರೆ. ನಮ್ಮ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿಗಳಿದ್ದಾರೆ. ಬಂಗಾಳಿ ಅಡುಗೆಮನೆಯ ‘ಬೊಂಟಿ’ ನಮ್ಮ ಈಳಿಗೆಯ ಖಾಸಾ ತಂಗಿ: ಕಾಲಲ್ಲಿ ಮೆಟ್ಟಿ ಕೂತು, ಮೀನನ್ನೇ ಅಲಗಿನತ್ತ ಒಯ್ಯಬೇಕು. ಅದರಲ್ಲೂ ಮಡಚುವ ನಮೂನೆ ಉಂಟು! ಜೇಬಿಗೆ ಹಿಡಿಯದು, ನಿಜ. ಆದರೂ ನನ್ನ ಓಟು ಅದಕ್ಕೇ.