ಕೊಳವೆಯ ಮಸಿ ತೆಗೆದದ್ದು ಯಾವಾಗ?

"ನಿಮ್ಮನೆ ಬಚ್ಚಲೊಲೆ ಕೊಳವೆ ಎಷ್ಟು ದಿನಕ್ಕೊಂದ್ಸಲ ಚೊಕ್ಕ ಮಾಡ್ತೀಯೇ ತಂಗಿ?"

ದಾಸವಾಳದ ಬೇಲಿಯಾಚೆಯಿಂದ ಅಕ್ಕ ಕೇಳಿದರು. ಕೈಯಲ್ಲಿ ಬೂದಿಯ ಬುಟ್ಟಿ, ತೊಂಡೆ ಬಳ್ಳಿಯ ಬುಡಕ್ಕೆ ಹಾಕಲು ಬಂದವರು. ಹಿಂದಿನ ಸಂಜೆ ಅವರ ಬಚ್ಚಲುಮನೆಯಲ್ಲಿ ಹೊಗೆ ಕಟ್ಟಿಕೊಂಡು ಮೊಮ್ಮಗು ಕೆಮ್ಮಿ ಕೆಮ್ಮಿ ಅತ್ತದ್ದು ನಮ್ಮ ಜಗಲಿಯವರೆಗೂ ಕೇಳಿಸಿತ್ತು.

"ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಅಕ್ಕ. ಬೇಸಿಗೇಲಿ ಎರಡು ತಿಂಗಳಿಗೊಂದ್ಸಲ ಇಣುಕಿ ನೋಡ್ತೀನಿ, ಬೇಕಾದ್ರೆ ತೆಗೀತೀನಿ."

"ಅಷ್ಟೊಂದಾ ಮಾರಾಯ್ತಿ! ಅಡುಗೆಮನೆ ಅಸ್ತ್ರ ಒಲೆಗೆ ನಾವು ವರ್ಷಕ್ಕೊಂದ್ಸಲ ಮಾಡಿದ್ರೆ ಹೆಚ್ಚಾಗಿತ್ತು."

ಅಸ್ತ್ರ ಒಲೆಯ ಹೆಸರು ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಹಳ್ಳಿ ಕೆಲಸ ನಡೆಯಿತು. ಅಲ್ಲಿನವರು ರೂಪಿಸಿ, 1980ರ ದಶಕದಲ್ಲಿ ಊರೂರಿಗೆ ಬಂದ ಮೂರು ಪಾತ್ರೆಯ ಒಲೆ ಅದು. ಒಂದೇ ಬಾಯಿಗೆ ಸೌದೆ ಇಟ್ಟರೆ ಬಿಸಿ ಒಂದರಿಂದ ಒಂದಕ್ಕೆ ಹಾಯ್ದು, ಹೊಗೆ ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತಿತ್ತು. ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದ ನಮ್ಮ ಅಮ್ಮಂದಿರಿಗೆ ಅದು ದೊಡ್ಡ ಉಪಕಾರ. ಆದರೆ ಕಟ್ಟಿಸಿಕೊಂಡ ಎಷ್ಟೋ ಮನೆಗಳಲ್ಲಿ ಮಸಿ ತೆಗೆಯುವುದು ಯಾರ ಕೆಲಸವೆಂದು ತೀರ್ಮಾನವೇ ಆಗಲಿಲ್ಲ. ಪಾತ್ರೆಗಳ ಕೆಳಗಿನ ದಾರಿ ಮುಚ್ಚಿ, ಹೊಗೆ ಮತ್ತೆ ಬಾಯಿಂದಲೇ ಬರತೊಡಗಿತು. ಬೈಗುಳ ಬಿದ್ದದ್ದು ಒಲೆಗೆ.

ಈಗ ಅಡುಗೆಗೆ ಗ್ಯಾಸ್ ಬಂದಿದೆ. ಮಲೆನಾಡಿನ ಮನೆಗಳಲ್ಲಿ ಸೌದೆಯ ಬೆಂಕಿ ಉಳಿದಿರುವುದು ಹೆಚ್ಚಾಗಿ ಬಚ್ಚಲಲ್ಲಿ, ಹಂಡೆಯ ಕೆಳಗೆ. ಅಡುಗೆಮನೆಯ ಒಲೆಗಿಂತ ಬಚ್ಚಲ ಒಲೆ ಮಸಿ ಕಟ್ಟುವುದರಲ್ಲಿ ಮುಂದು. ಅಡುಗೆಗೆ ಉರಿ ಬೇಕು, ಬಚ್ಚಲಿಗೆ ಹೊಗೆಯಾಡುತ್ತಿದ್ದರೂ ಸಾಕು ಎಂದು ನಮ್ಮ ಭಾವನೆ. ತಣ್ಣೀರು ತುಂಬಿದ ಹಂಡೆಯ ತಳ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕೆಳಗೆ ಹಸಿ ಅಡಿಕೆ ಹಾಳೆ, ಒದ್ದೆ ಕಾಯಿ ಸಿಪ್ಪೆ, ಅಂಗಳದ ದರಕು ದಿನವಿಡೀ ಬುಸುಗುಡುತ್ತಿರುತ್ತವೆ. ಪೂರ್ತಿ ಉರಿಯದೆ ಹೋದ ಆ ಹೊಗೆ ತಣ್ಣನೆಯ ಕೊಳವೆಗೆ ತಾಗಿದಾಗ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವಂತೆ, ಅದರೊಳಗಿನ ಟಾರು ಗೋಡೆಗೆ ಅಂಟಿಕೊಳ್ಳುತ್ತದೆ. ಪುಡಿಯಾಗಿರುವ ಮಸಿ ಗುಡಿಸಿದರೆ ಬೀಳುತ್ತದೆ. ಹಪ್ಪಳದಂತೆ ಪದರ ಕಟ್ಟಿದ್ದನ್ನು ಕೆರೆದು ತೆಗೆಯಬಹುದು. ಎಣ್ಣೆ ಬಳಿದಂತೆ ಹೊಳೆಯುವ ಕಪ್ಪು ಅಂಟು ಮಾತ್ರ ಯಾವ ಗುಡಿಸುವಿಕೆಗೂ ಜಗ್ಗುವುದಿಲ್ಲ. ಅಂಥ ಕೊಳವೆಯನ್ನು ಬದಲಾಯಿಸುವುದೇ ಒಳ್ಳೆಯದು.

"ಅದೇ ಅಂಟು ಹೊತ್ತಿಕೊಳ್ಳೋದು ಅಕ್ಕ," ಎಂದೆ. ನನ್ನ ತವರಿನಲ್ಲಿ ಒಂದು ಆಷಾಢದ ಬೆಳಗ್ಗೆ, ಆರಿದ ತೆಂಗಿನ ಗರಿ ಹಾಕಿ ಜೋರು ಉರಿ ಮಾಡಿದ್ದಷ್ಟೆ. ಕೊಳವೆಯೊಳಗಿಂದ ಭೋರೆಂದು ಗಾಳಿ ಬೀಸಿದಂಥ ಸದ್ದು, ಮೇಲಿನಿಂದ ಕಿಡಿ. ಅಪ್ಪ ಒಲೆಯ ಬಾಯಿಗೆ ತಗಡು ಇಟ್ಟು ಗಾಳಿ ಕಟ್ಟಿದರು. ನಮ್ಮನ್ನೆಲ್ಲ ಅಂಗಳಕ್ಕೆ ಕಳಿಸಿದರು. ಅಟ್ಟದ ಮೇಲೆ ಒಣಗಿದ ಅಡಿಕೆ, ಗೋಣಿಚೀಲ, ಸೌದೆ ಇದ್ದವು. ಮನೆ ಉಳಿಯಿತು. ಕಾದ ಕೊಳವೆಗೆ ಮೇಲಿನಿಂದ ಕೊಡಪಾನ ನೀರು ಸುರಿಯಲು ಹೊರಟಿದ್ದ ಅಣ್ಣನನ್ನು ಅಪ್ಪ ತಡೆದದ್ದು ಇವತ್ತಿಗೂ ಕಣ್ಣ ಮುಂದಿದೆ. ಹಾಗೆ ಸುರಿದರೆ ಕೊಳವೆ ಸಿಡಿದು ಬೆಂಕಿ ಅಟ್ಟಕ್ಕೇ ಬರುತ್ತದೆ. ಈಗಾದರೆ 112ಕ್ಕೆ ಫೋನ್ ಮಾಡಬೇಕು.

ಅಕ್ಕ ಬುಟ್ಟಿ ಕೆಳಗಿಟ್ಟರು. "ಒಳಗೆ ಎಷ್ಟು ಕಟ್ಟಿದೆ ಅಂತ ತಿಳಿಯೋದು ಹೇಗೆ?"

ಕೊಳವೆಯ ಬುಡದಲ್ಲಿ ಮುಚ್ಚಳವಿದ್ದರೆ ತೆಗೆದು, ಕೈಗನ್ನಡಿ ಓರೆಯಾಗಿ ಹಿಡಿದು ಟಾರ್ಚ್ ಬಿಡಬೇಕು, ಒಲೆ ಪೂರ್ತಿ ಆರಿದ ಮೇಲೆ. ಅಮೆರಿಕ, ಕೆನಡಾದಂಥ ಚಳಿನಾಡಿನಲ್ಲಿ ಸೌದೆ ಒಲೆಯಿಟ್ಟುಕೊಂಡವರಿಗೆ ವರ್ಷಕ್ಕೊಮ್ಮೆ ತಪ್ಪದೆ ಚಿಮಣಿ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಮಸಿ 3 ಮಿಲಿಮೀಟರ್ ಆದರೆ ವರ್ಷಕ್ಕೆ ಕಾಯದೆ ತೆಗೆಯಬೇಕು. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟು ದಪ್ಪ. ನಮ್ಮ ಕೊಳವೆ ಸಾಮಾನ್ಯವಾಗಿ 4 ಅಂಗುಲದ್ದು. ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ಹೊಗೆಯ ದಾರಿಯಲ್ಲಿ ಮೂರನೇ ಒಂದು ಪಾಲು ಹೋಯಿತು. ಕೊಳವೆ ನೋಡುವ ಮೊದಲೇ ಒಲೆಯೂ ಹೇಳುತ್ತದೆ: ನೀರು ಕಾಯುವುದು ತಡ, ಉರಿ ಹಿಂದಕ್ಕೆ ವಾಲುತ್ತದೆ, ಮಳೆ ಬಂದರೆ ಕೊಳವೆಯ ಸಂದಿಯಿಂದ ಕಪ್ಪು ನೀರು ಇಳಿಯುತ್ತದೆ.

ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಚಿಕ್ಕ ಬಚ್ಚಲಲ್ಲಿ ಹೊಗೆ ಹಿಂದಿರುಗಿದರೆ ಕಣ್ಣುರಿಯಷ್ಟೇ ಅಲ್ಲ. ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಕ್ಕಳಿಗೆ ತಲೆನೋವು, ತಲೆಸುತ್ತು ಬಂದರೆ ಬಿಸಿನೀರು ಹೆಚ್ಚಾಯಿತು ಎಂದುಕೊಂಡು ಬಿಡಬೇಡಿ, ಕೂಡಲೇ ಹೊರಗಿನ ಗಾಳಿಗೆ ಕರೆತನ್ನಿ.

ತೆಗೆಯುವ ಕೆಲಸ ಕಷ್ಟದ್ದಲ್ಲ. ಅಡಿಕೆ ದಬ್ಬೆಯ ತುದಿಗೆ ಗೋಣಿಯ ಉಂಡೆ ಬಿಗಿದು ಕಟ್ಟಿ, ಮೂಗಿಗೆ ಬಟ್ಟೆ ಸುತ್ತಿಕೊಂಡು, ಬುಡದಿಂದ ಮೇಲಕ್ಕೆ ತಿರುಗಿಸುತ್ತ ಹೋದರೆ ಮುಗಿಯಿತು. ಜಾರುವ ಹೆಂಚಿನ ಮೇಲೆ ಹತ್ತುವುದು ಬೇಡ. ಹಳೆಯ ಕೊಳವೆಗಳಲ್ಲಿ ಬಹಳಷ್ಟು ಕಲ್ನಾರು-ಸಿಮೆಂಟಿನವು. ಅವನ್ನು ತಂತಿ ಬ್ರಷ್ಷಿನಿಂದ ಕೆರೆಯಲೇಬಾರದು, ಆ ಧೂಳು ಶ್ವಾಸಕೋಶಕ್ಕೆ ವಿಷ. ಸಾಧ್ಯವಾದಾಗ ಅಂಥ ಕೊಳವೆಯನ್ನೇ ತಗಡಿನದಕ್ಕೆ ಬದಲಾಯಿಸಿ.

ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಶಿವರಾತ್ರಿಯ ಹೊತ್ತಿಗೆ, ಸೌದೆ ಒಡೆದು ಕೊಟ್ಟಿಗೆಗೆ ಸೇರಿಸುವಾಗ. ಹಸಿ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಬಿಸಿಲಲ್ಲಿ ಚೆನ್ನಾಗಿ ಆರಿ, ಒಂದಕ್ಕೊಂದು ಬಡಿದರೆ ಟಣ್ಣೆನ್ನಬೇಕು. ಅಂಥದ್ದನ್ನು ಬಚ್ಚಲಿಗೂ ಒಂದು ಪಾಲು ಎತ್ತಿಡಿ. ಒಳ್ಳೆಯದು ಅಡುಗೆಗೆ, ಕಸ ಬಚ್ಚಲಿಗೆ ಎಂಬ ಹಳೆಯ ಹಂಚಿಕೆ ಬಿಡಬೇಕು.

"ಇವರಿಗೆ ಹೇಳಿ ಹೇಳಿ ಸಾಕಾಗಿದೆ," ಎಂದರು ಅಕ್ಕ. ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. ಹೊಗೆ ಕುಡಿಯುವವರು ಒಬ್ಬರು, ಕೊಳವೆ ಮುಟ್ಟಬೇಕಾದವರು ಇನ್ನೊಬ್ಬರು ಆದದ್ದೇ ತಪ್ಪು. ನಾನು ದಬ್ಬೆ ಎತ್ತಿಕೊಂಡು ದಣಪೆ ದಾಟಿ ಅವರ ಮನೆಗೇ ಹೋದೆ. ಇಬ್ಬರೂ ಸೇರಿ ಅರ್ಧ ಗಂಟೆಯಲ್ಲಿ ಒಂದು ಬುಟ್ಟಿ ಮಸಿ ಇಳಿಸಿದೆವು.

ದೀಪಾವಳಿಯ ನೀರು ತುಂಬುವ ಹಬ್ಬ ಬಂದರೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತೀರಿ, ಕೆಮ್ಮಣ್ಣು, ಸುಣ್ಣದ ಬೊಟ್ಟು ಇಡುತ್ತೀರಿ, ಹಿಂಡಲೆ ಬಳ್ಳಿ ಸುತ್ತುತ್ತೀರಿ. ಅದಕ್ಕೆ ಒಂದು ದಿನ ಮೊದಲು, ದಯವಿಟ್ಟು, ನಾಲ್ಕು ತಿಂಗಳ ಒದ್ದೆ ಸೌದೆಯ ಮಸಿಯನ್ನು ಕೊಳವೆಯಿಂದ ಇಳಿಸಿಬಿಡಿ.