ಫ್ರಿಜ್ ಬಾಗಿಲಿನ ಡಾಕ್ಟರು

ರಾಯರಂಥವರು ಪ್ರತಿ ಬೀದಿಗೂ ಒಬ್ಬರಿರುತ್ತಾರೆ. ನಿವೃತ್ತರಾದದ್ದು ಬ್ಯಾಂಕಿನಿಂದ, ವೈದ್ಯಕೀಯ ಕಲಿತದ್ದು ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ. ದವಾಖಾನೆ ಇರುವುದು ಫ್ರಿಜ್ಜಿನ ಬಾಗಿಲಲ್ಲಿ. ಅಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಅರ್ಧ ಉಳಿದ ಅಮಾಕ್ಸಿಸಿಲಿನ್ ಸಿರಪ್ಪು ನಿಂತಿದೆ. ಯುಗಾದಿ ಹೊತ್ತಿಗೆ ಮೊಮ್ಮಗನಿಗೆ ತಂದದ್ದು. ಈಗ ದಸರಾ ರಜೆ. ಪುಡಿಗೆ ನೀರು ಬೆರೆಸಿದ ಮೇಲೆ ಅದರ ಆಯುಸ್ಸು ಹೆಚ್ಚೆಂದರೆ ಎರಡು ವಾರ. ಸೊಸೆ ಹಾಗೆಂದರೆ ರಾಯರು ಕನ್ನಡಕ ಏರಿಸಿ ಲೇಬಲ್ಲು ತೋರಿಸುತ್ತಾರೆ: "ನೋಡಮ್ಮ, ಎಕ್ಸ್‌ಪೈರಿ ಮುಂದಿನ ವರ್ಷಕ್ಕಿದೆ!" ಆ ತಾರೀಕು ಒಣ ಪುಡಿಗೆ ಸೇರಿದ್ದೆಂಬುದು ಅವರ ಕಟ್ಟೆ ಕಾಲೇಜಿನ ಸಿಲಬಸ್ಸಿನಲ್ಲಿರಲಿಲ್ಲ.

ಮೂರು ವರ್ಷದ ಮೊಮ್ಮಗಳು ನೆಗಡಿಯಾಗಿ ನಾಲ್ಕನೇ ರಾತ್ರಿ ಕಿವಿ ಹಿಡಿದುಕೊಂಡು ಅತ್ತಳು. ರಾಯರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು, ಸಿರಪ್ಪಿನ ಬಾಟಲಿ ಎರಡನ್ನೂ ಹಿಡಿದು ಬಂದರು. ಪ್ರಮಾಣ? "ಒಂದು ಮುಚ್ಚಳ." ಮಗುವಿನ ತೂಕ ನೋಡಿ ಡೋಸು ಲೆಕ್ಕ ಹಾಕಬೇಕೆಂಬುದು ಡಾಕ್ಟರುಗಳ ಚಾದಸ್ತ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಒಳಕ್ಕೇ ಇಳಿಯುತ್ತದೆ ಎಂಬುದೂ ಅಂಥದ್ದೇ.

"ಬೇಡ ಮಾವ, ಡಾಕ್ಟರಿಗೇ ತೋರಿಸೋಣ" ಎಂದು ಸೊಸೆ ಹಟ ಹಿಡಿದಳು. ಮಕ್ಕಳ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಸೋಂಕು ಒಂದೇ ಕಿವಿಯಲ್ಲಿ, ಜ್ವರ ಅಷ್ಟಿಲ್ಲ, ಕೀವಿಲ್ಲ. "ನೋವಿಗೆ ಪ್ಯಾರಾಸಿಟಮಾಲ್ ಕೊಡಿ. ಎರಡು ಮೂರು ದಿನ ನೋಡೋಣ, ಇಳಿಯದಿದ್ದರೆ ಬನ್ನಿ."

ರಾಯರಿಗೆ ಸಿಟ್ಟು ನೆತ್ತಿಗೇರಿತು. "ಬರೀ ಪ್ಯಾರಾಸಿಟಮಾಲ್‌ಗೆ ಐನೂರು ರೂಪಾಯಿ ಫೀಸೇ!" ಚೀಟಿಯಲ್ಲಿ ನಾಲ್ಕು ಸಾಲಿಗಿಂತ ಕಮ್ಮಿ ಬರೆಯುವ ಡಾಕ್ಟರು ಅವರ ದೃಷ್ಟಿಯಲ್ಲಿ ಕಾಂಪೌಂಡರ್ ಇದ್ದ ಹಾಗೆ.

ಪಾಪ, ಆ ಡಾಕ್ಟರು ಬರೆದದ್ದು ಪುಸ್ತಕದ ಪ್ರಕಾರವೇ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿಯಾದರೆ ಅದು ಊದಿ ಕಟ್ಟಿಕೊಂಡು ಒಳಗೆ ನೀರು ನಿಲ್ಲುತ್ತದೆ. ಬಹುಪಾಲು ಮಕ್ಕಳಿಗೆ ಕೆಲವೇ ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಎರಡು ವರ್ಷ ದಾಟಿದ, ತೀವ್ರ ಲಕ್ಷಣಗಳಿಲ್ಲದ ಮಗುವನ್ನು 48ರಿಂದ 72 ಗಂಟೆ ಗಮನಿಸಿ ನೋಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರ ಮಾರ್ಗಸೂಚಿಯಲ್ಲೇ ಹೇಳಿದೆ. ಮೊದಲ ದಿನದ ನೋವಿಗಂತೂ ಆಂಟಿಬಯಾಟಿಕ್‌ನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಭೇದಿ, ಮೈಮೇಲೆ ಗಂಧೆ ಬೇಕಾದರೆ ಬೋನಸ್ಸಾಗಿ ಸಿಗಬಹುದು.

ಅಂದಹಾಗೆ ಆ ಬಾಟಲಿ ಅರ್ಧ ಉಳಿದದ್ದು ಹೇಗೆ? ಮೊಮ್ಮಗನಿಗೆ ಆಗ ಕಿವಿ ಸೋರುತ್ತಿತ್ತು, ಆಂಟಿಬಯಾಟಿಕ್ ನಿಜಕ್ಕೂ ಬೇಕಿತ್ತು. ಏಳು ದಿನ ಕೊಡಿ ಎಂದಿದ್ದರು. ಮೂರನೇ ದಿನ ಹುಡುಗ ಸೋಫಾ ಮೇಲೆ ಕುಣಿದ. ರಾಯರು ಔಷಧಿ ನಿಲ್ಲಿಸಿದರು. "ವಾಸಿಯಾದ ಮೇಲೂ ಕುಡಿಸಿದರೆ ಹೀಟಾಗತ್ತೆ." ಬೇಕಾದಾಗ ಉಳಿಸಿ ಬೇಡದಾಗ ಬಡಿಸುವ ಈ ಉಳಿತಾಯ ಖಾತೆಯಲ್ಲಿ ಬಡ್ಡಿ ಬೆಳೆಯುವುದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ. ಡಾಕ್ಟರ ಚೀಟಿಯಿಲ್ಲದೆ ನುಂಗಬೇಡಿ ಎಂದು ಮಾತ್ರೆಪಟ್ಟಿಯ ಮೇಲೆ ಎಳೆದಿರುವ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ಮಾಡಿತು. ರಾಯರ ವ್ಯಾಖ್ಯಾನ ಬೇರೆ: "ಕೆಂಪು ಗೆರೆ ಇದ್ದರೆ ಪವರ್ ಜಾಸ್ತಿ."

ಮನೆಯಲ್ಲಿ ರಾಯರಿರುವವರು ಇಷ್ಟು ನೆನಪಿಡಿ: ಆರು ತಿಂಗಳೊಳಗಿನ ಕೂಸಾದರೆ, ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿ ನೋಯುತ್ತಿದ್ದರೆ, ಕೀವು ಸೋರಿದರೆ, ಕಿವಿಯ ಹಿಂದೆ ಊದಿದರೆ, ಜ್ವರ 102 ಡಿಗ್ರಿ ದಾಟಿದರೆ ಕಾಯುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೊರಡಿ. ರಾಯರನ್ನೂ ಕರೆದುಕೊಂಡು ಹೋಗಿ. ಬಾಟಲಿಯನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಲು ಬಿಡಬೇಡಿ.