ಹಳೇ ತೊಲಿಯ ಧಣಿ

ತುರ್ವಿಹಾಳದ ಸೀಮೆಯಲ್ಲಿ ಎಲ್ಲಿ ಹಳೇ ಮಾಳಿಗೆ ಮನೆ ಕೆಡವಿದರೂ ಜೆಸಿಬಿಗಿಂತ ಮೊದಲು ಅಲ್ಲಿ ನಿಂತಿರುವವನು ಈ ಧಣಿ. ಮುಖ ಮಣ್ಣಿಗೆ ಬಂದವರದ್ದು, ಕಣ್ಣು ಸಂತೆಗೆ ಬಂದವರದ್ದು. ಬೆರಳ ಗೆಣ್ಣಿನಿಂದ ತೊಲೆ ಬಡಿದು, ಕಿವಿಗೊಟ್ಟು, ‘ಗಟ್ಟಿ ಐತಿ’ ಎಂದು ತೀರ್ಪು ಕೊಡುತ್ತಾನೆ. ಊರು ಅವನನ್ನು ಜುಗ್ಗ ಎನ್ನುತ್ತದೆ. ಲೆಕ್ಕ ಹಾಕಿದರೆ ಈ ಆರೋಪ ನಿಲ್ಲುವುದಿಲ್ಲ. ಹಳೇ ಮೊಳೆ ಕೀಳಲು ಬಡಿಗನಿಗೆ ಒಂದು ದಿನದ ಕೂಲಿ, ಕೀಳದೆ ಉಳಿದ ಮೊಳೆಗೆ ಹತ್ತರಿಯ ಬಾಯಿ ಬಲಿ. ಲೋಕವೆಲ್ಲ ಮನೆ ಕಟ್ಟಿ ಬಾಗಿಲು ಕೂರಿಸಿದರೆ ಇವನು ಬಾಗಿಲು ತಂದು ಅದರ ಅಳತೆಗೆ ಮನೆ ಕಟ್ಟಿಸುತ್ತಾನೆ. ತೊಲೆ ಎರಡು ಅಡಿ ಗಿಡ್ಡವಾದರೆ ಪಡಸಾಲೆಯೇ ಎರಡು ಅಡಿ ಹಿಂದೆ ಸರಿಯಬೇಕು. ಜುಗ್ಗರು ಇಷ್ಟು ದುಬಾರಿಯಾಗಿ ಉಳಿತಾಯ ಮಾಡುವುದಿಲ್ಲ. ಅವನು ಕೊಳ್ಳುತ್ತಿರುವುದು ವಯಸ್ಸನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಜೋಳದ ಹೊಲವನ್ನು ಭತ್ತದ ಗದ್ದೆ ಮಾಡಿತು, ದುಡ್ಡೂ ತಂದಿತು; ಹಿರೀಕರ ಕಂಬವನ್ನು ಮಾತ್ರ ಯಾವ ತೂಬೂ ಹರಿಸಲಿಲ್ಲ. ಹಾಗಾಗಿ ಯಾರದೋ ಅಜ್ಜನ ಕಂಬ ಇವನ ಪಡಸಾಲೆಗೆ ಬಂದ ಎರಡನೇ ಯುಗಾದಿಗೆ ‘ನಮ್ಮಜ್ಜನ ಕಾಲದ್ದು’ ಆಗಿರುತ್ತದೆ.

ಹಳೇ ಕಟ್ಟಿಗೆ ಹೊಸ ಮನೆಗೆ ಆಗಿಬರದು ಎಂದು ವಾಸ್ತುವಿನವರು ತಗಾದೆ ತೆಗೆಯುತ್ತಾರೆ. ಕುಕನೂರಿನ ಕಮಲ್ ಮಹಲನ್ನು ವಿಜಯನಾಥ ಶೆಣೈ ಮಣಿಪಾಲದ ಹಳೇ ಮನೆಗಳ ಸಂಗ್ರಹಾಲಯ ಹಸ್ತಶಿಲ್ಪದಲ್ಲಿ ಮರಳಿ ನಿಲ್ಲಿಸಿದರೆ ಪರಂಪರೆ, ನಾವು ಒಂದು ಚೌಕಟ್ಟು ತಂದರೆ ದೋಷವೇ ಎಂಬುದು ಧಣಿಯ ಜವಾಬು. ಗೆದ್ದಲು ಹಿಡಿಯದೇ ಎಂದವರಿಗೂ ಉತ್ತರವಿದೆ: ಹಿಡಿಯುವುದಿದ್ದರೆ ಮೂರು ತಲೆಮಾರು ಕಾಯುತ್ತಿತ್ತೇ? ಹೊಸ ಕಟ್ಟಿಗೆ ರಾಯಚೂರು ಬಿಸಿಲಿಗೆ ಸೊಟ್ಟಾಗುತ್ತದೆ. ಇದು ಸೊಟ್ಟಾಗುವುದನ್ನೆಲ್ಲ ಆಗಲೇ ಆಗಿ ಮುಗಿಸಿದೆ. ಈ ವಾದಗಳಲ್ಲಿ ಧಣಿ ಗೆದ್ದ ಎನ್ನೋಣ. ಅವನು ಸೋಲುವುದು ಗೌಂಡಿ ಕೈಗೆ ಕರಣೆ ಕೊಟ್ಟಾಗ. ತೊಲೆಯ ಜೊತೆಗೆ ಅವನು ತಂದ ಹಳೇ ಮನೆಯ ಕಲ್ಲುಗಳು ಅಂಚು ಮುಕ್ಕಾಗದೆ ಬಿಡಿಸಿಕೊಂಡು ಬಂದದ್ದು, ಹಿಂದಿನವರು ಅವನ್ನು ಕೆಸರುಮಣ್ಣಿನಲ್ಲಿ ಕೂರಿಸಿದ್ದರಿಂದ. ಮಣ್ಣು ಹಿಡಿಯುವಷ್ಟು ಹಿಡಿದು, ಬಿಡು ಎಂದಾಗ ಬಿಡುತ್ತದೆ. ಧಣಿ ಅದೇ ಕಲ್ಲನ್ನು ಸಿಮೆಂಟಿನಲ್ಲಿ ಹುಗಿದು, ‘ಇನ್ನ ಮುನ್ನೂರು ವರ್ಷ ಅಲುಗಂಗಿಲ್ಲ’ ಎಂದು ಮೀಸೆ ತಿರುವುತ್ತಾನೆ. ಅವನ ಮಾತು ನಿಜವಾದೀತೆಂಬುದೇ ಭಯ. ಇನ್ನೊಂದು ಕಾಲದಲ್ಲಿ ಅಂಥದೇ ಧಣಿಯೊಬ್ಬ ಈ ಮನೆಯ ಮುಂದೆ ನಿಂತು ಗೆಣ್ಣಿನಿಂದ ಬಡಿದರೆ, ನೊಂದ ಬೆರಳು ಬಾಯಿಗಿಟ್ಟುಕೊಂಡು, ಜೆಸಿಬಿಗೆ ದಾರಿ ಬಿಡಬೇಕಾದೀತು.